ಹಳೇ ಕಟ್ಟಡಕ್ಕೆ ಎಷ್ಟು ಬಾಗಿಲು ಬೇಕು?

ಈ ಸಲ ಒಂದೇ ಪತ್ರಕ್ಕೆ ಉತ್ತರ. ಪತ್ರ ಉದ್ದವಾಗಿದೆ, ಜೊತೆಗೆ ನಕ್ಷೆಗಳೂ ಇವೆ. ಹಾಗಾಗಿ ಅದರ ಸಾರ ಮಾತ್ರ ಇಲ್ಲಿದೆ.

ಬರೆದವರು ಒಳಾಂಗಣ ವಿನ್ಯಾಸದ ಕೊನೆಯ ವರ್ಷದ ವಿದ್ಯಾರ್ಥಿನಿ. ಅವರಿಗೆ ಸಿಕ್ಕ ಪ್ರಾಜೆಕ್ಟ್ ಒಂದು ಹಳೇ ಗೋದಾಮು. ದಪ್ಪ ಇಟ್ಟಿಗೆ ಗೋಡೆ, ಮರದ ತೊಲೆಗಳ ಮೇಲೆ ಹಲಗೆಯ ಮಹಡಿ, ಅದರ ಮೇಲೆ ಇಳಿಜಾರು ಮಾಡಿನ ಅಟ್ಟ. ನೆಲಮಟ್ಟದಲ್ಲಿ ಕೆಫೆ ಮತ್ತು ಪುಸ್ತಕದಂಗಡಿ, ಮೊದಲ ಮಹಡಿಯಲ್ಲಿ ಅರ್ಧ ಕಚೇರಿ, ಅರ್ಧ ನೃತ್ಯ ತರಗತಿ, ಅಟ್ಟದಲ್ಲಿ ಬಾಡಿಗೆ ಕೋಣೆಗಳು. ಹೀಗೆ ಹಂಚಿದರು. ಗೋಡೆಯ ಗಾರೆ ಕಿತ್ತು ಇಟ್ಟಿಗೆ ಕಾಣಿಸಿದರು. ತೊಲೆಗಳನ್ನು ಉಜ್ಜಿ ಹೊಳಪು ಕೊಟ್ಟರು. 'ಎಲ್ಲರೂ ಬೆರೆಯಲಿ' ಎಂದು ಎದುರಿಗೆ ಒಂದೇ ದೊಡ್ಡ ಬಾಗಿಲು ಇಟ್ಟರು. ಪ್ರಾಜೆಕ್ಟ್ ಪರೀಕ್ಷಿಸುವ ಜ್ಯೂರಿಯಲ್ಲಿ ಒಬ್ಬರು 'ಇದರಲ್ಲಿ ನಿನ್ನ ಕೆಲಸ ಯಾವುದು?' ಅಂದರಂತೆ. ಇನ್ನೊಬ್ಬರು 'ಚೆನ್ನಾಗಿದೆ, ಆದರೆ ಇಲ್ಲಿ ಮಲಗೋರು ಯಾರು?' ಅಂದರಂತೆ. ಪತ್ರದ ಕೊನೆಯ ಸಾಲು ಇದು: 'ಹಳೆಯದನ್ನು ಹಾಗೇ ಬಿಡುವುದೂ ವಿನ್ಯಾಸ ಅಲ್ವಾ, ಸಂಪಾದಕರೇ?'

ಹೌದು, ವಿನ್ಯಾಸವೇ. ಮೊದಲನೆಯವರ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. 1996ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಒಂದು ಸಣ್ಣ ಚೌಕವನ್ನು ಚೆಂದಗೊಳಿಸುವ ಕೆಲಸ ಆನ್ ಲಕಾಟನ್ ಮತ್ತು ಜಾನ್-ಫಿಲಿಪ್ ವಸಾಲ್ ಎಂಬ ವಾಸ್ತುಶಿಲ್ಪಿಗಳಿಗೆ ಬಂತು. ಅವರು ಅಲ್ಲಿ ಕೂತು ನೋಡಿದರು, ಜನರನ್ನು ಮಾತಾಡಿಸಿದರು. ಚೌಕ ಈಗಲೇ ಚೆನ್ನಾಗಿದೆ ಅಂದರು. ನೆಲದ ಜಲ್ಲಿ ಬದಲಿಸಿ, ಆಗಾಗ ಸ್ವಚ್ಛ ಮಾಡಿ, ಮರಗಳನ್ನು ನೋಡಿಕೊಳ್ಳಿ, ಅಷ್ಟು ಸಾಕು ಎಂದರು. ಅವರಿಬ್ಬರಿಗೂ 2021ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಸಿಕ್ಕಿತು. ಆದರೆ ಅವರ 'ಏನೂ ಬೇಡ' ಅನ್ನುವ ಮಾತಿನ ಹಿಂದೆ ಕಾರಣಗಳಿದ್ದವು. ನಿಮ್ಮ ಹಾಳೆಗಳಲ್ಲಿ ಏನನ್ನು ಉಳಿಸಿದಿರಿ ಅನ್ನುವುದು ಕಾಣುತ್ತದೆ, ಯಾಕೆ ಅನ್ನುವುದು ಕಾಣುವುದಿಲ್ಲ.

ಇನ್ನೊಂದು ಮಾತು. ನೀವು ಅದನ್ನು ಹಾಗೇ ಬಿಟ್ಟಿಲ್ಲ, ಗಾರೆ ಕಿತ್ತಿದ್ದೀರಿ! ಇದರ ಬಗ್ಗೆ ನನಗೆ ಹಳೇ ಜಗಳವಿದೆ. ಬರೀ ಇಟ್ಟಿಗೆ ಕಂಡರೆ 'ಹಳೆಯದಕ್ಕೆ ಗೌರವ' ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅನೇಕ ಹಳೇ ಕಟ್ಟಡಗಳಲ್ಲಿ ಆ ಇಟ್ಟಿಗೆ ಕಾಣಲಿ ಅಂತ ಯಾರೂ ಕಟ್ಟಿರಲಿಲ್ಲ. ಮೆದು ಇಟ್ಟಿಗೆ, ಒರಟು ಸಂದು, ಅದರ ಮೇಲೆ ಸುಣ್ಣದ ಗಾರೆ. ಹಳೇ ಗೋಡೆ ತೇವ ಹೀರುತ್ತದೆ, ಆಮೇಲೆ ಬಿಡುತ್ತದೆ. ಸುಣ್ಣದ ಗಾರೆ ಅದಕ್ಕೆ ಎಡೆ ಕೊಡುತ್ತದೆ. ಅದನ್ನು ಕಿತ್ತು, ಸಂದುಗಳಿಗೆ ಸಿಮೆಂಟ್ ತುಂಬುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಬೇಡ. ಸಿಮೆಂಟ್ ಆ ಇಟ್ಟಿಗೆಗಿಂತ ಗಟ್ಟಿ, ತೇವವನ್ನೂ ಸುಲಭವಾಗಿ ಹೊರಗೆ ಬಿಡುವುದಿಲ್ಲ. ಆಗ ತೇವ ಇಟ್ಟಿಗೆಯ ಮೈಯಿಂದಲೇ ಹೊರಬರುತ್ತದೆ. ಜೊತೆಗೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ಪುಸ್ತಕದಂಗಡಿಯ ಗೋಡೆಯಿಂದ ದಿನವಿಡೀ ಕೆಂಪು ಪುಡಿ ಉದುರುತ್ತಿದ್ದರೆ ಆ ಅಂಗಡಿಯವರು ನಿಮ್ಮನ್ನು ನೆನೆಯುವ ರೀತಿಯೇ ಬೇರೆ ಇರುತ್ತದೆ. ಗಾರೆ ಚೆನ್ನಾಗಿರುವ ಕಡೆ ಬಿಡಿ, ಬಿದ್ದಿರುವ ಕಡೆ ಸುಣ್ಣದಲ್ಲೇ ಸರಿಮಾಡಿ. ಕಪಾಟಿಗೆ ಮೊಳೆ ಹೊಡೆಯಬೇಕಾದರೂ ಇಟ್ಟಿಗೆಗೆ ಬೇಡ, ಸಂದಿಗೆ ಹೊಡೆಯಿರಿ. ನಾಳೆ ಕಿತ್ತರೆ ಮುಚ್ಚುವುದು ಸುಲಭ.

ಈಗ ಎರಡನೆಯವರ ಪ್ರಶ್ನೆ. ನನ್ನ ಪ್ರಕಾರ ಇಡೀ ಜ್ಯೂರಿಯಲ್ಲಿ ಕೇಳಿದ ಒಳ್ಳೆಯ ಪ್ರಶ್ನೆ ಇದೊಂದೇ.

ನೀವು ಅಧ್ಯಯನಕ್ಕೆ ಆರಿಸಿಕೊಂಡ ಕಟ್ಟಡಗಳನ್ನು ನೋಡಿ. ಪ್ಯಾರಿಸ್‌ನ ಓರ್ಸೇ, 1900ರ ರೈಲು ನಿಲ್ದಾಣ, 1986ರಲ್ಲಿ ಮ್ಯೂಸಿಯಂ ಆಯಿತು. ಲಂಡನ್ನಿನ ಟೇಟ್ ಮಾಡರ್ನ್, ಹಿಂದೆ ವಿದ್ಯುತ್ ಸ್ಥಾವರ, 2000ದಲ್ಲಿ ಕಲಾ ಗ್ಯಾಲರಿಯಾಗಿ ತೆರೆಯಿತು. ಎರಡೂ ಅದ್ಭುತವೇ. ಆದರೆ ಎರಡೂ ಮ್ಯೂಸಿಯಂ. ಆಡಳಿತ ಒಂದೇ, ವೇಳಾಪಟ್ಟಿ ಒಂದೇ, ಮುಚ್ಚುವ ಹೊತ್ತಾದರೆ ಎಲ್ಲರೂ ಹೊರಗೆ. ಅಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಬೀಗದ ಕೈ ಹುಡುಕುವುದಿಲ್ಲ. ಬೆಳಕು, ಎತ್ತರ, ಗಾಂಭೀರ್ಯ ಇವನ್ನು ಅವುಗಳಿಂದ ಕಲಿಯಬಹುದು. ಬೇರೆ ಬೇರೆ ಜನ ಒಂದೇ ಸೂರಿನಡಿ ಜಗಳವಿಲ್ಲದೆ ಬದುಕುವುದನ್ನು ಕಲಿಯಲು ಆಗುವುದಿಲ್ಲ.

ನಿಮ್ಮ ಕೆಲಸಕ್ಕೆ ಹತ್ತಿರದ ಉದಾಹರಣೆ ವಿಯೆನ್ನಾದ ಗ್ಯಾಸೋಮೀಟರ್‌ಗಳು. 1896ರಿಂದ 1899ರ ನಡುವೆ ಕಟ್ಟಿದ ನಾಲ್ಕು ದೈತ್ಯ ಗ್ಯಾಸ್ ಸಂಗ್ರಹಾಗಾರಗಳು. ಒಂದೊಂದೂ ಸುಮಾರು 70 ಮೀಟರ್ ಎತ್ತರ, 60 ಮೀಟರ್ ಅಗಲದ ಇಟ್ಟಿಗೆಯ ದುಂಡು ಗೋಪುರ. 2001ರ ಹೊತ್ತಿಗೆ ಗೋಪುರಕ್ಕೊಬ್ಬರಂತೆ ನಾಲ್ಕು ವಾಸ್ತುಶಿಲ್ಪಿಗಳು ಅವುಗಳ ಒಳಗನ್ನು ಹೊಸದಾಗಿ ಕಟ್ಟಿದರು. ಕೆಳಗೆ ಅಂಗಡಿಗಳು, ನಡುವೆ ಕಚೇರಿಗಳು, ಮೇಲೆ ಮನೆಗಳು. ಆ ಕ್ರಮವನ್ನು ಗಮನಿಸಿ. ಗದ್ದಲ ಕೆಳಗೆ, ನಿದ್ದೆ ಮೇಲೆ, ನಡುವೆ ರಾತ್ರಿ ಖಾಲಿಯಾಗುವ ಮಹಡಿ. ಇನ್ನೊಂದು ವಿಷಯವನ್ನೂ ನೋಡಿ. ಕಾಲ ಕಳೆದಂತೆ ಅಲ್ಲಿನ ಅಂಗಡಿಗಳ ವ್ಯಾಪಾರ ಸೊರಗಿತು, ಮನೆಗಳು ಮಾತ್ರ ನಿಂತವು. ಅಂದರೆ ಕಟ್ಟಡದ ಎಲ್ಲ ಉಪಯೋಗಗಳಿಗೂ ಒಂದೇ ಆಯಸ್ಸು ಇರುವುದಿಲ್ಲ. ನಿಮ್ಮ ಕೆಫೆಯ ಗೋಡೆಗಳನ್ನು ಸುಲಭವಾಗಿ ಬಿಚ್ಚುವ ಹಾಗೆ ಮಾಡಿ.

ನಿಮ್ಮ ನೃತ್ಯ ತರಗತಿಗೆ ಬರೋಣ. ಮರದ ಮಹಡಿಯ ಮೇಲೆ ಕುಣಿತ, ಕೆಳಗೆ ಓದುವವರು. ಮಾತಿನ ಸದ್ದು ಗಾಳಿಯಲ್ಲಿ ಬರುತ್ತದೆ, ಭಾರವಾದ ಗೋಡೆ ಅದನ್ನು ತಡೆಯುತ್ತದೆ. ಕಾಲಿನ ಏಟು ಹಾಗಲ್ಲ. ಅದು ತೊಲೆಗೇ ಇಳಿದು, ತೊಲೆಯಿಂದ ಗೋಡೆಗೆ ಹೋಗಿ, ಇಡೀ ಕಟ್ಟಡ ಸುತ್ತುತ್ತದೆ. ಅದನ್ನು ತಡೆಯಲು ರಬ್ಬರ್ ಮೇಲೆ ತೇಲುವ, ಗೋಡೆಗೆ ಎಲ್ಲೂ ತಾಗದ ಇನ್ನೊಂದು ನೆಲ ಬೇಕು. ತೊಲೆಗಳ ಕೆಳಗೆ ತೂಗುಹಾಕಿದ ಸೀಲಿಂಗೂ ಬೇಕಾಗಬಹುದು. ಆಗ ನೀವು ಅಷ್ಟು ಪ್ರೀತಿಯಿಂದ ಉಜ್ಜಿದ ತೊಲೆಗಳು ಸೀಲಿಂಗ್ ಹಿಂದೆ ಮಾಯ! ಎರಡರಲ್ಲಿ ಒಂದನ್ನು ಬಿಡಲೇಬೇಕು. ಭಾರದ ಲೆಕ್ಕವೂ ಇದೆ. ಮನೆಯ ಮಹಡಿಗೆ ಚದರ ಮೀಟರಿಗೆ ಸುಮಾರು 200 ಕಿಲೋ ಹಿಡಿದರೆ, ಜನ ಸೇರಿ ಕುಣಿಯುವ ಹಾಲ್‌ಗೆ 500 ಹಿಡಿಯುತ್ತಾರೆ, ಪುಸ್ತಕಗಳು ಒತ್ತಾಗಿ ನಿಂತ ಜಾಗಕ್ಕೆ 600 ಅಥವಾ ಇನ್ನೂ ಜಾಸ್ತಿ. ಗೋದಾಮಿನ ಮಹಡಿ ಗಟ್ಟಿಯೇ ಇರಬಹುದು. ಆದರೆ ತೊಲೆ ಮೊದಲು ಕೊಳೆಯುವುದು ಗೋಡೆಯೊಳಗೆ ಹೂತ ತುದಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಅದನ್ನು ಎಂಜಿನಿಯರ್ ನೋಡಿ ಹೇಳಬೇಕು, ನೀವೋ ನಾನೋ ಅಲ್ಲ.

ನಾನಾಗಿದ್ದರೆ ಕುಣಿತವನ್ನು ನೆಲಮಟ್ಟದ ಹಿಂಭಾಗಕ್ಕೆ ಇಳಿಸುತ್ತಿದ್ದೆ. ಪುಸ್ತಕ, ಕೆಫೆ ಮುಂಭಾಗದಲ್ಲಿ, ನಡುವೆ ಒಂದು ಭಾರವಾದ ಗೋಡೆ. ಮೊದಲ ಮಹಡಿ ಪೂರ್ತಿ ಕಚೇರಿಗೆ. ಸಂಜೆ ಕಚೇರಿ ಖಾಲಿಯಾಗುತ್ತದೆ, ತರಗತಿ ಶುರುವಾಗುತ್ತದೆ, ಅಟ್ಟದವರಿಗೂ ಗದ್ದಲಕ್ಕೂ ನಡುವೆ ಒಂದು ಇಡೀ ಮಹಡಿ ಸುಮ್ನೆ ಇರುತ್ತದೆ. 'ಇದರಲ್ಲಿ ನಿನ್ನ ಕೆಲಸ ಯಾವುದು?' ಎಂದು ಕೇಳಿದವರಿಗೆ ಇದನ್ನು ತೋರಿಸಬಹುದು.

ಕೊಳಾಯಿ ವಿಷಯ ಬೇಗ ಮುಗಿಸುತ್ತೇನೆ. ಅಟ್ಟದ ಶೌಚಾಲಯಗಳನ್ನು ಕೆಫೆಯ ಅಡುಗೆಮನೆಯಿಂದ ಆಚೆ ತುದಿಗೆ ಇಟ್ಟಿದ್ದೀರಿ. ಶೌಚದ ಕೊಳವೆಗೆ 40ಕ್ಕೆ 1ರ ಇಳಿಜಾರು ಹಿಡಿದರೆ 8 ಮೀಟರ್ ದೂರಕ್ಕೆ 20 ಸೆಂಟಿಮೀಟರ್ ಇಳಿಯಬೇಕು. ದಾರಿಯಲ್ಲಿ ತೊಲೆಗಳಿವೆ, ತೊಲೆ ಕೊರೆಯುವ ಹಾಗಿಲ್ಲ. ಒದ್ದೆ ಜಾಗಗಳೆಲ್ಲ ಒಂದರ ಮೇಲೊಂದು ಬರಲಿ.

ಇನ್ನು ಆ ಒಂದೇ ಬಾಗಿಲು. ನಿಮ್ಮ ಆಸೆ ಒಳ್ಳೆಯದೇ. ಆದರೆ ಬಲವಂತವಾಗಿ ಜನ ಬೆರೆಯುವುದಿಲ್ಲ. ರಾತ್ರಿ ತಡವಾಗಿ ಬಂದ ಬಾಡಿಗೆದಾರ ಮುಚ್ಚಿದ ಪುಸ್ತಕದಂಗಡಿಯ ಒಳಗಿಂದ ಹಾದು ಮೇಲೆ ಹೋಗಬೇಕಾ? ಬೀಗದ ಕೈ ಯಾರ ಹತ್ತಿರ? ಒಂದು ಪುಸ್ತಕ ಕಾಣೆಯಾದರೆ ಯಾರ ಮೇಲೆ ಅನುಮಾನ? ಬೆರೆಯಲು ಜಾಗ ಕೊಡಿ, ಬೆರೆಯದೆ ಮನೆಗೆ ಹೋಗುವ ದಾರಿಯನ್ನೂ ಕೊಡಿ.

ಇದಕ್ಕಿಂತ ದೊಡ್ಡ ಕಾರಣ ಬೆಂಕಿ. ನಿಮ್ಮ ನಕ್ಷೆಯಲ್ಲಿ ಅಟ್ಟದಿಂದ ಇಳಿಯುವ ಒಂದೇ ಮೆಟ್ಟಿಲು ಕೆಫೆಯ ನಡುವೆ ಬಂದು ನಿಲ್ಲುತ್ತದೆ. ಅಡುಗೆಮನೆಯಲ್ಲಿ ಹೊಗೆ ಎದ್ದರೆ ಮಲಗಿದವರು ಆ ಹೊಗೆಯೊಳಗೇ ಇಳಿಯಬೇಕು. ದಪ್ಪ ತೊಲೆ ಬೇಗ ಸೋಲುವುದಿಲ್ಲ ನಿಜ. ಬೆಂಕಿಯಲ್ಲಿ ಅದು ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆ ಕರಕಾಗುತ್ತದೆ, ಆ ಕರಕೇ ಒಳಗಿನ ಮರವನ್ನು ಕಾಯುತ್ತದೆ. ಆದರೆ ಹಲಗೆಗಳ ಸಂದಿನಿಂದ ಹೊಗೆ ನುಗ್ಗಲು ಅಷ್ಟು ಹೊತ್ತು ಬೇಡ. ಮಲಗುವ ಮಹಡಿಗೆ ಬೆಂಕಿ ತಡೆಯುವ ಗೋಡೆಗಳ ನಡುವೆ ಇಳಿದು ನೇರ ಹೊರಗೆ ಬಿಡುವ ಮೆಟ್ಟಿಲು ಬೇಕು. ಇದರಲ್ಲಿ ಅಭಿರುಚಿಯ ಮಾತೇ ಇಲ್ಲ.

ಅದಕ್ಕೆ ಗೋಡೆ ಒಡೆಯಬೇಕಾ? ಬೇಡ. ನಿಮ್ಮ ಅಳತೆಯ ನಕ್ಷೆಯಲ್ಲಿ ಪಕ್ಕದ ಗೋಡೆಗೆ ಸರಕು ಇಳಿಸುವ ಬಾಗಿಲೊಂದಿದೆ. ಅದಕ್ಕೆ ನೀವು ಗಾಜು ಹಾಕಿ ಪ್ರದರ್ಶನದ ಕಿಟಕಿ ಮಾಡಿದ್ದೀರಿ. ಮನೆಗಳ ಬಾಗಿಲು ಅದೇ ಆಗಲಿ, ಮೆಟ್ಟಿಲು ಅಲ್ಲಿಂದಲೇ ಏರಲಿ. ಇನ್ನೊಂದು ಲಾಭವೂ ಇದೆ. ಕಟ್ಟಡದ ಜಗಲಿ 60 ಸೆಂಟಿಮೀಟರ್ ಎತ್ತರ ಎಂದು ಬರೆದಿದ್ದೀರಿ. ಗಾಲಿಕುರ್ಚಿಗೆ 12ಕ್ಕೆ 1ರ ಇಳಿಜಾರು ಹಿಡಿದರೆ 7.2 ಮೀಟರ್ ಉದ್ದದ ರ‍್ಯಾಂಪ್ ಬೇಕು. ಎದುರಿಗೆ ಅಷ್ಟು ಜಾಗವಿಲ್ಲ. ಪಕ್ಕದಲ್ಲಿ ಗೋಡೆಗುಂಟ ಇದೆ. ಹತ್ತಿ ಬಂದವರು ಒಳಗಿನ ಹಜಾರದಿಂದ ಕೆಫೆಗೂ ಹೋಗಬಹುದು, ತರಗತಿಗೂ ಹೋಗಬಹುದು. ಅಲ್ಲೊಂದು ಬೆಂಚು ಹಾಕಿದರೆ ನೀವು ಬಯಸಿದ ಬೆರೆಯುವ ಜಾಗವೂ ಅದೇ ಆದೀತು.

ಪೋರ್ಟ್‌ಫೋಲಿಯೋಗೆ ಇದನ್ನೇ ತಿದ್ದಿ ಕಳಿಸಲಾ ಅಂತ ಕೇಳಿದ್ದೀರಿ. ಕಳಿಸಿ. ಬಣ್ಣ, ಬಟ್ಟೆ, ಚಿತ್ರಗಳನ್ನು ಅಂಟಿಸಿದ ಮೂಡ್ ಬೋರ್ಡ್ ಒಂದು ಹಾಳೆ ಸಾಕು. ಅದರ ಬದಲು ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದ ಸೆಕ್ಷನ್ ಬರೆಯಿರಿ. ಅದನ್ನೇ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ ಏಳಕ್ಕೆ, ನಡುರಾತ್ರಿ ಎಂದು ನಾಲ್ಕು ಸಲ ಬರೆದು, ಪ್ರತಿ ಸಲವೂ ಎಲ್ಲಿ ದೀಪ ಉರಿಯುತ್ತಿದೆ, ಯಾವ ಬಾಗಿಲು ತೆರೆದಿದೆ, ಸದ್ದು ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ. ಹೊಸದಾಗಿ ಸೇರಿಸಿದ್ದನ್ನೆಲ್ಲ ಬೇರೆ ಬಣ್ಣದಲ್ಲಿ ತೋರಿಸಿ.

ಒಂದು ಅಳತೆ ಮಾತ್ರ ನಕ್ಷೆಯಲ್ಲಿ ಎಲ್ಲೂ ಸಿಗಲಿಲ್ಲ. ಅಟ್ಟದ ಮಾಡು ಇಳಿಯುವ ಕಡೆ ತಲೆ ಎತ್ತಿ ನಿಲ್ಲಲು ಎಷ್ಟು ಜಾಗ ಉಳಿಯುತ್ತದೆ? ಹಾಸಿಗೆಗಳನ್ನು ಅಲ್ಲೇ ಇಟ್ಟಿದ್ದೀರಿ. ಎಷ್ಟು ಕೋಣೆ ಹಿಡಿಸುತ್ತದೆ ಅನ್ನುವುದು ಅದರ ಮೇಲೆ ನಿಂತಿದೆ. ಮೊದಲು ಅದನ್ನು ಅಳೆದುಕೊಂಡು ಬನ್ನಿ.

— ಸಂಪಾದಕ