ಹಾಸಿಗೆ ಹಿಡಿದ ಅಮ್ಮನಿಗೆ ಸತ್ಯವೇದದಲ್ಲಿ (ಬೈಬಲ್‌ನಲ್ಲಿ) ಏನು ಓದಲಿ?

ಸ್ವಸ್ಥತೆಯ ವಚನ ಓದಿದಾಗಲೆಲ್ಲ ಅಮ್ಮ ಮುಖ ತಿರುಗಿಸಿ ಅಳುತ್ತಾರೆ ಅಂದಿದ್ದೀರಿ. ‘ನನ್ನ ನಂಬಿಕೆ ಸಾಲದ್ದಕ್ಕೇ ವಾಸಿಯಾಗುತ್ತಿಲ್ಲ’ ಎಂಬ ಕೊರಗು ಅದರ ಹಿಂದಿರಬೇಕು. ನನ್ನ ತಂದೆಗೆ ಹಾಗೇ ಆಗಿತ್ತು. ಆದರೂ ನಿಮ್ಮ ಅಮ್ಮನದು ಬೇರೆಯಿರಬಹುದು, ಮೊದಲು ಅವರನ್ನೇ ಮೆಲ್ಲಗೆ ಕೇಳಿ.

ಹೌದೆಂದರೆ ಆ ವಚನಗಳನ್ನು ಸದ್ಯಕ್ಕೆ ಬಿಡಿ. 2 ಕೊರಿಂಥ 12:7–9 ಓದಿ, ಅದು ಯೇಸುವಿನ ಸುವಾರ್ತೆ ಸಾರಿದ ಪೌಲನು ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರ. ಶರೀರದಲ್ಲಿ ನಾಟಿದ ಮುಳ್ಳು, ಅಂದರೆ ಬಿಡದ ಬಾಧೆಯೊಂದು, ಹೋಗಲೆಂದು ಪೌಲನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಿಕ್ಕಿತು. ಅವನ ನಂಬಿಕೆಯೇನು ಕಡಿಮೆಯಿತ್ತೇ?

ಮರುದಿನ ಅದೇ ಪತ್ರದ 4:16ರಿಂದ 5:5. ಅಲ್ಲಿ ದೇಹವೆಂದರೆ ಗುಡಾರ, ಅದು ಕಳಚಿಬಿದ್ದರೂ ದೇವರು ಕಟ್ಟಿದ ನಿತ್ಯವಾದ ಮನೆಯಿದೆ. ಪೌಲನು ಗುಡಾರ ಮಾಡಿಯೇ ಹೊಟ್ಟೆ ಹೊರೆದವನು, ಅದು ಹೇಗೆ ಸವೆಯುತ್ತದೆಂದು ಬಲ್ಲವನು. ಈ ಗುಡಾರದಲ್ಲಿ ನರಳುತ್ತೇವೆ ಅಂತಲೂ ಅಲ್ಲೇ ಬರೆದಿದ್ದಾನೆ. ಆ ಸಾಲನ್ನು ದಯವಿಟ್ಟು ಹಾರಿಸಬೇಡಿ. ನರಳುವುದು ಅವಿಶ್ವಾಸವಲ್ಲ ಅಂತ ಅಮ್ಮನಿಗೆ ಗೊತ್ತಾಗಲಿ.

ನೋವು ಜಾಸ್ತಿಯಾದ ದಿನ ಕೀರ್ತನೆ 23 ಮಾತ್ರ, ಕೈ ಹಿಡಿದುಕೊಂಡು. ಮಾತ್ರೆ ತಪ್ಪಿಸಬೇಡಿ. ಮನೆಗೇ ಬಂದು ಕರ್ತನ ಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ಕೊಡುವಂತೆ ಚರ್ಚಿನ ಸಭಾಪಾಲಕರಿಗೆ ಇವತ್ತೇ ಫೋನ್ ಮಾಡಿ.