ಶಿವಶರಣರ ಚರ್ಚಾಸಭೆಯಾದ ಅನುಭವ ಮಂಟಪದಲ್ಲಿ ನಡೆಯುತ್ತಿದ್ದುದು ಬರೀ ಸತ್ಸಂಗವೇ?

ಅಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ದೋಣಿ ನಡೆಸುವ ಅಂಬಿಗರ ಚೌಡಯ್ಯ, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ ಸರಿಸಮನಾಗಿ ಕುಳಿತು ಜಾತಿ, ದುಡಿಮೆ, ದೇವರ ಬಗ್ಗೆ ವಾದಿಸಿದರು. ಬಸವಣ್ಣ ಕಲ್ಯಾಣದ ರಾಜ ಬಿಜ್ಜಳನ ಮಂತ್ರಿ. ಆದರೂ ಅಧ್ಯಕ್ಷ ಪೀಠ ಅಲ್ಲಮಪ್ರಭುವಿನದು ಎನ್ನುತ್ತದೆ ಪರಂಪರೆ.

ನನ್ನನ್ನು ಹೆಚ್ಚು ಕಾಡುವವಳು ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯನ ಕಾಯಕ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದ. ಅಷ್ಟೊಂದು ಆಸೆ ನಮಗೇಕೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬಾ ಎಂದು ಅವಳು ತಿರುಗಿ ಕಳುಹಿಸಿದಳು. ಎಂಟು ನೂರು ವರ್ಷಗಳ ಹಿಂದೆ ಒಬ್ಬ ಬಡ ಹೆಣ್ಣುಮಗಳು ಸಂಗ್ರಹದ ದುರಾಸೆಯನ್ನು ಹೀಗೆ ಪ್ರಶ್ನಿಸಿದ್ದಳು!

ಈ ವಿಚಾರಗಳು ಹರಡಿದ್ದು ವಚನಗಳಿಂದ. ಸಂಸ್ಕೃತ ಬೇಕಿಲ್ಲ, ಛಂದಸ್ಸಿನ ಕಟ್ಟೂ ಇಲ್ಲ. ಮನೆಮಾತಿನ ಕನ್ನಡ, ಕೊನೆಗೊಂದು ಅಂಕಿತ, ಅಂದರೆ ವಚನಕಾರರ ಗುರುತಿನ ಹೆಸರು. ಕೇಳಿದವರ ಬಾಯಲ್ಲಿ ತಾನಾಗಿ ಉಳಿಯುತ್ತಿತ್ತು.

ಮಾತು ಆಚರಣೆಗೆ ಇಳಿದಾಗ ಬೆಲೆಯನ್ನೂ ತೆರಬೇಕಾಯಿತು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು, ತಂದೆಯರಿಬ್ಬರಿಗೂ ಮರಣದಂಡನೆ. ಶರಣರು ವಚನದ ಕಟ್ಟುಗಳನ್ನು ಹೊತ್ತು ಇಂದಿನ ಉತ್ತರ ಕನ್ನಡ ಜಿಲ್ಲೆಯ ಉಳವಿಯ ಕಡೆಗೆ ನಡೆದರು.