ಬಣ್ಣದಂಗಡಿಯ ತಾಂಗಿಯ ಋಣವನ್ನು ವ್ಯಾನ್ ಗಾಗ್ ಚಿತ್ರದಲ್ಲಿ ಹೇಗೆ ತೀರಿಸಿದ?

ಪ್ಯಾರಿಸ್‌ನ ಮೊಂಮಾರ್ತ್ರ್ ಬಳಿ ಬಣ್ಣದ ಅಂಗಡಿ ಇಟ್ಟಿದ್ದ ಜೂಲಿಯಾಂ ತಾಂಗಿ, ಕೈಯಲ್ಲಿ ಕಾಸಿಲ್ಲದ ಕಲಾವಿದರಿಗೆ ಬಣ್ಣಗಳನ್ನು ಸಾಲಕ್ಕೆ ಕೊಡುತ್ತಿದ್ದ. ಹಣದ ಬದಲು ಚಿತ್ರ ಕೊಟ್ಟರೂ ತೆಗೆದುಕೊಳ್ಳುತ್ತಿದ್ದ. ಯಾರೂ ಕೇಳದ ಕಾಲದಲ್ಲಿ ವ್ಯಾನ್ ಗಾಗ್, ಸೆಜಾನ್ ಚಿತ್ರಗಳು ಅವನ ಅಂಗಡಿಯಲ್ಲಿದ್ದವು.

ವ್ಯಾನ್ ಗಾಗ್ ಅವನನ್ನು ಮೂರು ಸಲ ಬರೆದ. ಹೆಸರಾದದ್ದು 1887ರ ಚಿತ್ರ, ಈಗ ರೋದಾಂ ಮ್ಯೂಸಿಯಂನಲ್ಲಿದೆ. ಕೃತಜ್ಞತೆ ಕಾಣುವುದು ಮುಖ್ಯವಾಗಿ ಕೂರಿಸಿದ ರೀತಿಯಲ್ಲಿ. ತಾಂಗಿ ನೇರ ನಮ್ಮೆದುರು, ಚೌಕಟ್ಟಿನ ನಟ್ಟನಡುವೆ, ಕೈ ಕೈ ಹಿಡಿದು ಅಲುಗದೆ ಕೂತಿದ್ದಾನೆ. ಗಣ್ಯರಿಗೆ ಸಲ್ಲುವ ಭಂಗಿ ಇದು. ಆದರೆ ಮೈಮೇಲೆ ಸಾದಾ ನೀಲಿ ಕೋಟು, ತಲೆಗೆ ಹುಲ್ಲಿನ ಟೋಪಿ. ಅಂಗಡಿಯವನನ್ನು ಸಾಹುಕಾರನಂತೆ ಸಿಂಗರಿಸಿಲ್ಲ. ನನ್ನ ಮಟ್ಟಿಗೆ ನಿಜವಾದ ಗೌರವ ಅಲ್ಲೇ ಇದೆ.

ಹಿಂದಿನ ಗೋಡೆ ತುಂಬ ವ್ಯಾನ್ ಗಾಗ್ ಪ್ರೀತಿಯಿಂದ ಸಂಗ್ರಹಿಸುತ್ತಿದ್ದ ಜಪಾನಿ ಮುದ್ರಣ ಚಿತ್ರಗಳು. ಫ್ಯೂಜಿ ಪರ್ವತ ಸರಿಯಾಗಿ ಟೋಪಿಯ ಮೇಲೆ ಬರುವಂತೆ ಜೋಡಿಸಿದ್ದಾನೆ. ಅಷ್ಟು ಗಾಢ ಬಣ್ಣಗಳ ನಡುವೆ ಮುಖ ಕಳೆದುಹೋಗುವ ಅಪಾಯವಿತ್ತು. ಕೋಟಿನ ಅಗಲವಾದ ನೀಲಿ ಅದನ್ನು ತಡೆಯುತ್ತದೆ. 1894ರಲ್ಲಿ ತಾಂಗಿ ತೀರಿಕೊಂಡ ಮೇಲೆ ಈ ಚಿತ್ರವನ್ನು ಶಿಲ್ಪಿ ರೋದಾಂ ಕೊಂಡ.